ಹೊಸ್ತಿಲ ಮುಂದೆ ಹನ್ನೆರಡು ಕಾಲು

ಕಿಟ್ಟು ಸತ್ತು ಹನ್ನೊಂದು ತಿಂಗಳಾದ ಮೇಲೆ ಅವನ ಹೆಸರಿಗೆ ಒಂದು ಪಾರ್ಸೆಲ್ ಬಂತು.

ಮದ್ರಾಸಿನ ಪುರಸೈವಾಕ್ಕಂ ದೊಡ್ಡ ಬೀದಿಯ ಬಟ್ಟೆ ಅಂಗಡಿಗಳ ಗದ್ದಲದಿಂದ ಒಳಕ್ಕೆ ತಿರುಗಿದರೆ ಒಂದು ಸಂದಿ. ಅದರಲ್ಲಿ ನಾಲ್ಕನೆಯ ಮನೆ ಭೋಜರಾಜನದು. ತಗಡು ಇಳಿಸಿದ ಮುಂದಿನ ಜಗಲಿಯೇ ಅವನ ಅಂಗಡಿ. ಅಪ್ಪ ಕೋಲಾರದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ಬೇರುಬಿಟ್ಟವನು. ಮಗ ಆರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಹೊಲಿಗೆ ಮಿಷನ್ ರಿಪೇರಿ ಕಲಿತ. ಈಗ ಅವನಿಗೆ ಐವತ್ತೆರಡು. ಅವನ ಬೆರಳು ಮುಟ್ಟಿದ ಮಿಷನ್ನು ಹತ್ತು ವರ್ಷ ಸದ್ದು ಮಾಡುವುದಿಲ್ಲ. ಸದ್ದೆಲ್ಲ ಅವನದೇ. ಮಿಷನ್ನಿನ ಕೈಚಕ್ರ ಯಾವಾಗಲೂ ಕೂತವನ ಕಡೆಗೇ ತಿರುಗಬೇಕು. ಆಚೆಗೆ ತಿರುಗಿಸಿದರೆ ದಾರ ಸಿಕ್ಕಾಗಿ ಸೂಜಿ ಮುರಿಯುತ್ತದೆ. ಹಾಗೆ ತಿರುಗಿಸಿ ಕೆಡಿಸಿಕೊಂಡು ಬಂದ ಟೈಲರುಗಳಿಗೆ ಅವನು ಬೈಯುವ ಬೈಗುಳ ದೊಡ್ಡ ಬೀದಿಯ ಬಸ್‌ಸ್ಟಾಪಿನವರೆಗೆ ಕೇಳಿಸುತ್ತಿತ್ತು.

ಪಾರ್ಸೆಲ್ ತಂದವನು ಬೆವರು ಒರೆಸಿಕೊಳ್ಳುತ್ತ, "ಕಿಟ್ಟು ಸಾರ್ ಇರ್ಕಾರಾ?" ಅಂದ.

"ಇಲ್ಲ."

"ಎಪ್ಪ ವರುವಾರು?"

ಯಾವಾಗ ಬರುತ್ತಾರೆ ಅಂತ ಕೇಳುತ್ತಿದ್ದಾನೆ. ಬೇರೆ ದಿನವಾಗಿದ್ದರೆ ಭೋಜರಾಜ ಅವನನ್ನು ಬೈದೇ ಕಳಿಸುತ್ತಿದ್ದ. ಅವತ್ತು ಸುಮ್ಮನೆ ಸಹಿ ಹಾಕಿ, ಊರೂರು ಸುತ್ತಿ ಮುದ್ರೆ ಮೇಲೆ ಮುದ್ರೆ ಬಿದ್ದಿದ್ದ ಡಬ್ಬಿ ತೆಗೆದುಕೊಂಡ. ಮೇಲೆ ಅಂಟಿಸಿದ್ದ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಕಿಟ್ಟು, ಕೇರಾಫ್ ಭೋಜರಾಜ. ಕೆಳಗೆ ಇದೇ ಮನೆಯ ನಂಬರು.

ಎರಡು ವರ್ಷ ಕಾಲಿಡದ ಮನೆಯ ವಿಳಾಸವನ್ನು ಕಿಟ್ಟು ಕೊಟ್ಟಿದ್ದ.

ಕಿಟ್ಟು ಭೋಜರಾಜನ ತಮ್ಮ, ಆರು ವರ್ಷ ಚಿಕ್ಕವನು. ಹುಟ್ಟಿದ ಎರಡನೇ ವರ್ಷ ಪೋಲಿಯೋ ಆಗಿ ಎಡಗಾಲು ಒಣಗಿತ್ತು. ಕೋಲು ಊರಿ ನಡೆಯುತ್ತಿದ್ದ. ಮೊದಲು ಕೋಲು, ಆಮೇಲೆ ಒಳ್ಳೆಯ ಕಾಲು, ಕೊನೆಗೆ ಎಳೆದುಕೊಂಡು ಬರುವ ಕಾಲು. ಟಕ್, ಟಕ್, ಸರ್ರ್. ಸಂದಿಯ ತಿರುವಿನಲ್ಲೇ ಆ ಸದ್ದು ಹಿಡಿದು ಅವರಮ್ಮ ಜಯಲಕ್ಷ್ಮಮ್ಮ ತಟ್ಟೆ ಹಾಕುತ್ತಿದ್ದಳು. ಬೆಸೆಂಟ್ ನಗರದ ಬೀಚಿನಲ್ಲಿ ಗಿರಿಗಿಟ್ಲೆ ಮಾರುವುದು ಅವನ ಕಸುಬು. ಬಣ್ಣದ ಕಾಗದ, ಬಿದಿರುಕಡ್ಡಿ, ಗುಂಡುಸೂಜಿ. ಗಾಳಿ ಅಂದರೆ ಹುಚ್ಚು ಅವನಿಗೆ. ಯಾರಾದರೂ ಪಾಪ ಅಂತ ಎತ್ತಿಕೊಳ್ಳಲು ಬಂದರೆ ಮಾತ್ರ ಕಚ್ಚುವ ಹಾಗೆ ನೋಡುತ್ತಿದ್ದ. ಹೊಸ್ತಿಲು ದಾಟುವಾಗ ತಾನೇ ಬಾಗಿಲ ಕಂಬ ಹಿಡಿದು ದಾಟಬೇಕು. "ಅಣ್ಣ, ಇಲ್ಲಿ ಒಂದ್ ಹಲ್ಗೆ ಓರೆಯಾಗಿ ಇಟ್ಕೊಡೋ" ಅಂತ ವರ್ಷಗಟ್ಟಲೆ ಕೇಳಿದ. "ನಾಳೆ ಇಡ್ತೀನ್ ಬಿಡೋ" ಅಂತ ಭೋಜರಾಜ ವರ್ಷಗಟ್ಟಲೆ ಹೇಳಿದ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಿಟ್ಟು ರಿಪೇರಿಗೆ ಬಂದಿದ್ದ ಮಿಷನ್ನಿನ ಕೈಚಕ್ರ ಬಿಚ್ಚಿಕೊಂಡು ಹೋದ. ಬೀಚಿನಲ್ಲಿ ಆಳೆತ್ತರದ ಗಿರಿಗಿಟ್ಲೆ ನಿಲ್ಲಿಸಿ ಜನರನ್ನು ಸೇರಿಸುವ ಆಸೆ. ಚಕ್ರ ವಾಪಸು ಬಂದದ್ದು ಸೀಳು ಬಿಟ್ಟು, ಉಪ್ಪುಗಾಳಿಗೆ ತುಕ್ಕು ಹಿಡಿದು. ಮಿಷನ್ನಿನ ಯಜಮಾನ ಬಂದು ಇಡೀ ಸಂದಿಯ ಎದುರಿಗೆ ಭೋಜರಾಜನನ್ನು ಕಳ್ಳ ಅಂದ. ಅವನು ಹೋದ ಮೇಲೆ ಭೋಜರಾಜನ ಕಣ್ಣಿಗೆ ತಮ್ಮನ ಕೋಲೊಂದೇ ಕಂಡಿತು. ಅದನ್ನು ಕಿತ್ತು ಬೀದಿಗೆ ಎಸೆದ.

"ಹೋಗೋ. ನನ್ ಬಾಯಿಂದ ಬಾ ಅಂತ ಬರೋವರ್ಗೂ ಈ ಹೊಸ್ತಿಲು ತುಳೀಬೇಡ!"

ಕೋಲಿಲ್ಲದ ಕಿಟ್ಟು ನೆಲಕ್ಕೆ ಕೂತ. ಎರಡೂ ಕೈ ಊರಿ, ಹಿಂದುಮುಂದಾಗಿ, ಮುಖ ಮನೆಯ ಕಡೆಗೇ ಇಟ್ಟುಕೊಂಡು ಹೊಸ್ತಿಲ ಮೇಲಿಂದ ತನ್ನನ್ನು ತಾನೇ ಎಳೆದುಕೊಂಡು ಹೋದ. ಜಗಲಿಯಿಂದ ಹೇಳಿದ: "ಆಗ್ಲಣ್ಣ. ನೀನ್ ಬಾ ಅಂದ್ಮೇಲೇ ಬರ್ತೀನಿ. ಕಾಯ್ತೀನಿ."

ಆಮೇಲೆ ಕಾಸಿಮೇಡಿನಲ್ಲಿ ಮೀನಿನವರ ನಡುವೆ ಒಂದು ಕೋಣೆ ಹಿಡಿದ. ಅಮ್ಮನಿಗೆ ಫೋನು ಮಾಡುತ್ತಿದ್ದ. ಅಣ್ಣನಿಗೆ ಇಲ್ಲ. ಭೋಜರಾಜನ ಬಾಯಲ್ಲೂ ಆ ಒಂದಕ್ಷರ ಬರಲಿಲ್ಲ. ಇವತ್ತು, ನಾಳೆ ಅಂತಲೇ ಎರಡು ವರ್ಷ ಹೋಯಿತು. ಹೋದ ವರ್ಷ ಮೇ ತಿಂಗಳ ಕತ್ತಿರಿ ಬಿಸಿಲಿನ ದಿನಗಳಲ್ಲಿ ಕಿಟ್ಟುವಿಗೆ ಜ್ವರ ಬಂತು. ಮೂರನೇ ದಿನಕ್ಕೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಹೆಣ ಮನೆಗೆ ತರೋಣ ಅಂದರೆ ಕಾಸಿಮೇಡಿನ ಗೆಳೆಯರು ಅಡ್ಡ ನಿಂತರು. ಅಣ್ಣ ಕರೆಯದೆ ಬರುವುದಿಲ್ಲ ಅಂತ ಅವನು ಆಣೆ ಇಟ್ಟಿದ್ದನಂತೆ. ಅಲ್ಲೂ, ಅಷ್ಟು ಜನರ ಎದುರು, ಭೋಜರಾಜ ಬಾ ಅನ್ನಲಿಲ್ಲ. ನೇರ ಸುಡುಗಾಡಿಗೆ ಒಯ್ದರು.

ಅವತ್ತಿನಿಂದ ಜಯಲಕ್ಷ್ಮಮ್ಮ ದೊಡ್ಡ ಮಗನ ಜೊತೆ ಮಾತು ಬಿಟ್ಟಳು. ಏನಿದ್ದರೂ ಸೊಸೆ ಸರಸಳ ಕೈಲಿ ಹೇಳಿಸುವುದು.

ಕಾಗೆಯೂ ಅಷ್ಟೇ. ಅವರ ಮನೆತನದಲ್ಲಿ ಸತ್ತವರಿಗೆ ಮಾಳಿಗೆಯ ಮೇಲೆ ಎಡೆ ಇಡುತ್ತಾರೆ. ಸತ್ತವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಎಲೆಗೆ ಬಡಿಸಿ ದೂರ ನಿಂತುಕೊಳ್ಳಬೇಕು. ಕಾಗೆ ಬಂದು ಮುಟ್ಟಿದರೆ ಸರಿ. ಮುಟ್ಟದಿದ್ದರೆ ಮನೆಯವರು ಒಬ್ಬೊಬ್ಬರಾಗಿ ಬಾಯಿಬಿಟ್ಟು, ನಿನ್ನ ಆಸೆ ಇದು ತಾನೆ, ತೀರಿಸ್ತೀವಿ ಬಾ, ಅಂತ ಹೇಳಬೇಕು. ಹನ್ನೊಂದನೇ ದಿನ ಕಾಗೆಗಳು ಸಾಲಾಗಿ ಗೋಡೆಯ ಮೇಲೆ ಕೂತು ನೋಡಿದವೇ ಹೊರತು ಒಂದೂ ಇಳಿಯಲಿಲ್ಲ. ಸರಸ ಹೇಳಿದಳು, ಅಮ್ಮ ಹೇಳಿದಳು. ಭೋಜರಾಜ ತುಟಿ ಕಚ್ಚಿ ನಿಂತ. ಅಮಾವಾಸ್ಯೆ ಅಮಾವಾಸ್ಯೆಗೂ ಅದೇ ಕಥೆ. ವರ್ಷದ ತಿಥಿಗೂ ಕಾಗೆ ಮುಟ್ಟದಿದ್ದರೆ ಸತ್ತವನು ಹೋಗುವ ದಾರಿ ಮುಚ್ಚಿಹೋಗುತ್ತದೆ, ಹೊಸ್ತಿಲಾಚೆಯೇ ನಿಂತುಬಿಡುತ್ತಾನೆ ಅನ್ನುವುದು ಅವರ ನಂಬಿಕೆ. ಆ ತಿಥಿಗೆ ಇನ್ನು ಹತ್ತೊಂಬತ್ತು ದಿನ ಇತ್ತು.

ಪಾರ್ಸೆಲ್ ಬಿಚ್ಚಿದಾಗ ಒಳಗೆ ಮೂಳೆ.

ಮೂಳೆಯಲ್ಲ, ದಂತದ ಬಣ್ಣದ ಪ್ಲಾಸ್ಟಿಕ್ ಕಡ್ಡಿಗಳು. ನೂರರ ಮೇಲಿದ್ದವು. ದೊಡ್ಡ ಮೀನು ತಿಂದು ಮುಳ್ಳು ಜೋಡಿಸಿಟ್ಟ ಹಾಗೆ ಚೀಲಚೀಲವಾಗಿ ಕಟ್ಟಿದ್ದರು. ಡಬ್ಬಿಯ ಮೇಲಿನ ಚಿತ್ರದಲ್ಲಿ ಬೆಕ್ಕಿನ ಮರಿಯಷ್ಟು ದೊಡ್ಡ ಪ್ರಾಣಿ. ತಲೆಯಿಲ್ಲ, ಹೊಟ್ಟೆಯಿಲ್ಲ, ಬರೀ ಹನ್ನೆರಡು ಕಾಲು, ಪಕ್ಕದಲ್ಲೊಂದು ಗಿರಿಗಿಟ್ಲೆ. ಗಾಳಿ ಬೀಸಿದರೆ ಗಿರಿಗಿಟ್ಲೆ ತಿರುಗಿ, ಒಳಗಿನ ಬಾಗು ಕಂಬಿ ತಿರುಗಿ, ಕಾಲುಗಳು ಒಂದಾದ ಮೇಲೊಂದು ಎದ್ದು ನಡೆಯುತ್ತವೆ. ಅದನ್ನು ಕಟ್ಟುವ ಸಾಮಾನು ಇದು.

"ಬಿಸಾಕ್ಬಿಡ್ರಿ. ನೋಡಿದ್ರೇ ಮೈ ಜುಮ್ ಅನ್ನತ್ತೆ" ಅಂದಳು ಸರಸ.

"ಸುಮ್ನಿರೇ. ಮಿಷನ್ ಅಂದ್ರೆ ಮಿಷನ್ನೇ, ಇದ್ಕೇನ್ ಹೆದರೋದು."

ಜೊತೆಗಿದ್ದ ಕಾಗದದಲ್ಲಿ ಇಂಗ್ಲಿಷು, ಚೀನಿ. ಅದನ್ನು ಮಡಚಿ ಎಣ್ಣೆಕುಪ್ಪಿಯ ಕೆಳಗೆ ಇಟ್ಟ. ಮಿಷನ್ನಿನ ಮಾತು ಕಾಗದದಲ್ಲಿರುತ್ತದೆಯೇ, ಕೈಯಲ್ಲಿರುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಟ್ಟಿದ. ಮೂರು ಕಡ್ಡಿ ಸೇರಿಸಿದರೆ ತೊಡೆ, ಇನ್ನೆರಡು ಸೇರಿಸಿದರೆ ಮೊಣಕಾಲು. ಪ್ರತಿ ಕೀಲಿಗೂ ಒಂದು ತೊಟ್ಟು ಮಿಷನ್ ಎಣ್ಣೆ. ಕಟ್ಟುತ್ತ ಕಟ್ಟುತ್ತ ತಮ್ಮನನ್ನು ಬೈಯುತ್ತಿದ್ದ. "ಗೂಬೆ. ಇದನ್ನ ತರಿಸ್ಕೊಳ್ಳೋಕೆ ನನ್ ವಿಳಾಸ ಬೇಕಿತ್ತೇನೋ ನಿಂಗೆ?" ಬೈದಷ್ಟೂ ಕೈ ಚುರುಕಾಗುತ್ತಿತ್ತು. ಗಿರಿಗಿಟ್ಲೆ ಕೂರಿಸುವಾಗ ಅವನ ಬೆರಳುಗಳು ನಲವತ್ತು ವರ್ಷದ ಅಭ್ಯಾಸ ಮಾಡಿದವು. ಚಕ್ರ ಕೂತವನ ಕಡೆಗೆ ತಿರುಗಬೇಕು. ಹಾಗೇ ಕೂರಿಸಿದ. ಅದಕ್ಕೆ ಹೊಂದುವಂತೆ ಕಾಲುಗಳನ್ನೂ ತಿರುಗಿಸಿ ಹಾಕಿದ.

ಪಾದಗಳಿಗೆ ಹಾಕುವ ರಬ್ಬರ್ ಟೋಪಿ ಹನ್ನೆರಡು ಇರಬೇಕಿತ್ತು. ಹನ್ನೊಂದೇ ಇದ್ದವು.

ಆರನೇ ದಿನ ಕೆಲಸ ಮುಗಿಯಿತು. ಜಗಲಿಯ ನಡುವೆ, ಪಾದದ ತುದಿಗಳು ಬೀದಿಯ ಕಡೆಗೆ ಬರುವಂತೆ ಅದನ್ನು ನಿಲ್ಲಿಸಿ, ಟೇಬಲ್ ಫ್ಯಾನು ಹಚ್ಚಿದ. ಗಿರಿಗಿಟ್ಲೆ ಅಲುಗಿತು, ತಿರುಗಿತು. ಹನ್ನೆರಡು ಕಾಲೂ ಒಟ್ಟಿಗೆ ನಿದ್ದೆಯಿಂದೆದ್ದ ಹಾಗೆ ಮುರಿದುಕೊಂಡವು. ಆಮೇಲೆ ಅದು ನಡೆಯಿತು. ಬೀದಿಯ ಕಡೆಗಲ್ಲ. ಪಾದದ ತುದಿ ಬೀದಿಗಿಟ್ಟುಕೊಂಡು ಹಿಂದುಹಿಂದಕ್ಕೆ, ಮನೆ ಬಾಗಿಲ ಕಡೆಗೆ.

ಟಕ್, ಟಕ್, ಸರ್ರ್.

ಟೋಪಿಯಿಲ್ಲದ ಪಾದ ನೆಲಕ್ಕೆ ತಾಗಿ ಜಾರುತ್ತಿತ್ತು, ಅಷ್ಟೇ. ಭೋಜರಾಜನಿಗೆ ಅದು ಗೊತ್ತು. ಗೊತ್ತಿದ್ದೂ ಸಂದಿಯ ತಿರುವಿನ ಕಡೆ ತಿರುಗಿ ನೋಡಿದ. ಬಾಗಿಲಿಗೆ ಬಂದ ಸರಸ ಕೈಲಿದ್ದ ಮೊರ ಬೀಳಿಸಿದಳು.

"ಏನ್ರೀ, ಪಾದ ನೋಡ್ರೀ! ಹಿಂದ್ಮುಂದಾಗೈತೆ!"

ಸತ್ತು ತಿರುಗುವವರ ಪಾದ ಹಿಂದುಮುಂದು ಅಂತ ಅವಳು ತವರಿನಲ್ಲಿ ಕೇಳಿ ಬೆಳೆದವಳು.

"ನಾನ್ ಹಂಗೇ ಹಾಕಿರೋದು ಕಣೇ. ಚಕ್ರ ನಮ್ ಕಡೆ ತಿರುಗ್ಬೇಕಲ್ಲ."

"ಚಿತ್ರದಾಗೆ ಹಂಗಿಲ್ಲ. ಬಿಚ್ಚಿ ಸರಿ ಮಾಡಿ."

"ನಾನ್ ಕಟ್ಟಿದ್ದು ಸರಿಯಾಗೇ ಐತೆ!" ಅಂತ ಗುಡುಗಿದ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಹೇಗೆ ಬಾರದೋ, ಕಟ್ಟಿದ್ದನ್ನು ಬಿಚ್ಚಲೂ ಹಾಗೇ ಬಾರದು.

ಅಷ್ಟರಲ್ಲಿ ಅದು ನಿಂತಿತ್ತು. ಹೊಸ್ತಿಲಿಗೆ ಒಂದು ಗೇಣು ಈಚೆ. ಫ್ಯಾನು ಬೀಸುತ್ತಲೇ ಇತ್ತು. ಭೋಜರಾಜ ಫ್ಯಾನನ್ನು ಹತ್ತಿರ ತಂದ. ಗಿರಿಗಿಟ್ಲೆ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿತು, ಕಾಲುಗಳು ಗಡಗಡ ನಡುಗಿದವು. ಒಂದು ಹೆಜ್ಜೆಯೂ ಇಡಲಿಲ್ಲ.

ಒಳಗೆ ಮಂಚದ ಮೇಲೆ, ಕಣ್ಣು ಮಂಜಾದ ಜಯಲಕ್ಷ್ಮಮ್ಮ ಎದ್ದು ಕೂತಿದ್ದಳು. "ಸರಸಾ, ತಟ್ಟೆ ಹಾಕಮ್ಮ" ಅಂದಳು.

ಮಾರನೆಯ ದಿನ ಭೋಜರಾಜ ಹಳೆಯ ಮಿಷನ್ನಿನ ಚರ್ಮದ ಬೆಲ್ಟು ಕತ್ತರಿಸಿ ಹನ್ನೆರಡನೇ ಪಾದಕ್ಕೆ ಟೋಪಿ ಮಾಡಿದ. ಅಳತೆ ನೋಡಿ, ಉಳಿದವುಗಳ ಸಮಕ್ಕೆ ಉಜ್ಜಿ, ಅಂಟು ಹಾಕಿ ಕೂರಿಸಿದ. ಈಗ ಹನ್ನೆರಡೂ ಒಂದೇ ಎತ್ತರ. ಫ್ಯಾನು ಹಚ್ಚಿದ.

ಟಕ್, ಟಕ್, ಸರ್ರ್.

ಹೊಸ್ತಿಲಿಗೆ ಒಂದು ಗೇಣು ಈಚೆ ನಿಂತಿತು.

ದಿನವೂ ಇದೇ. ಎಲ್ಲಿಟ್ಟರೂ ಬಾಗಿಲ ಕಡೆಗೆ ಬರುವುದು, ಗೇಣು ದೂರ ನಿಲ್ಲುವುದು. ಎತ್ತಿ ಒಳಗಿಟ್ಟು ನೋಡಿದ. ಎತ್ತುವಾಗ ಕಾಲುಗಳೆಲ್ಲ ಒಟ್ಟಿಗೆ ಬಿಗಿದುಕೊಂಡು ಅವನ ಹೆಬ್ಬೆರಳನ್ನು ಕೀಲಿನಲ್ಲಿ ಕಚ್ಚಿದವು. ರಕ್ತ ಬಂತು. ಒಳಗೆ ಎಂಥ ಗಾಳಿ ಹಾಕಿದರೂ ಹೆಣದ ಹಾಗೆ ಇತ್ತು. ಜಗಲಿಗೆ ಬರುವ ಟೈಲರುಗಳು ಅದನ್ನು ನೋಡಿ ಮಿಷನ್ನು ಅಲ್ಲೇ ಇಟ್ಟು ಬೇಗ ಹೋಗತೊಡಗಿದರು. ಭೋಜರಾಜ ಬೈಯುವುದೂ ಕಡಿಮೆಯಾಯಿತು. ಬೈಯಲು ಬಾಯಿ ತೆರೆದರೆ ಬೇರೆ ಏನೋ ಬಂದುಬಿಡುತ್ತದೆ ಅನ್ನುವ ಹೆದರಿಕೆ.

ತಿಥಿಗೆ ಎರಡು ದಿನ ಉಳಿದಾಗ ಜಯಲಕ್ಷ್ಮಮ್ಮ ಸೊಸೆಯನ್ನು ಕರೆದಳು. ಮಗ ಮಾರು ದೂರದಲ್ಲಿ ಊಟಕ್ಕೆ ಕೂತಿದ್ದ.

"ಸರಸಾ, ಹೇಳು ಅವ್ನಿಗೆ. ಕಿಟ್ಟು ಜ್ವರ ಬರೋಕೆ ಮುಂಚೆ ಫೋನ್ ಮಾಡಿದ್ದ. 'ಅಮ್ಮಾ, ಅಣ್ಣ ಬಾ ಅನ್ನಲ್ಲ, ಅವ್ನ್ ಕರೀದೆ ನಾನ್ ಬರಲ್ಲ. ಗಾಳಿಗೆ ನಡೆಯೋ ಪ್ರಾಣಿ ಒಂದ್ ತರುಸ್ತಿದೀನಿ. ಮನೆ ವಿಳಾಸನೇ ಕೊಟ್ಟಿದೀನಿ. ಅಣ್ಣ ಬೈಕೊಂಡಾದ್ರೂ ಕಟ್ಟೇ ಕಟ್ತಾನೆ, ಕೈ ಸುಮ್ನಿರಲ್ಲ ಅವ್ನಿಗೆ. ನನ್ ಬದ್ಲು ಅದು ನಡ್ಕೊಂಡ್ ಬರತ್ತೆ ನೋಡು' ಅಂದ. ನಗಾಡ್ದ."

ಸರಸ ಗಂಡನ ಕಡೆ ತಿರುಗಿದಳು. "ಅತ್ತೆ ಹೇಳ್ತಾವ್ರೆ..."

"ಕೇಳುಸ್ತು" ಅಂದ ಭೋಜರಾಜ. ಅನ್ನ ಕಲಸಿದ ಕೈ ಎಲೆಯ ಮೇಲೇ ಒಣಗಿತು.

ತಿಥಿಯ ಹಿಂದಿನ ದಿನ. ಮಧ್ಯಾಹ್ನ ಎರಡು ಗಂಟೆ. ಕತ್ತಿರಿ ಬಿಸಿಲು ತಗಡನ್ನು ಕಾಯಿಸಿ ಜಗಲಿಯನ್ನು ಒಲೆ ಮಾಡಿತ್ತು. ಕರೆಂಟು ಹೋಯಿತು. ಮದ್ರಾಸಿನಲ್ಲಿ ಕಡಲ ಗಾಳಿ ಏಳುವುದಕ್ಕೆ ಮುಂಚೆ ಒಂದು ಹೊತ್ತಿದೆ. ಆಗ ಊರೇ ಉಸಿರು ಹಿಡಿಯುತ್ತದೆ. ಎದುರು ಮನೆಯ ಬೇವಿನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಹಗ್ಗದ ಮೇಲಿನ ಸರಸಳ ಸೀರೆ ಗೋಡೆಗೆ ಬಳಿದ ಹಾಗೆ ಇಳಿಬಿದ್ದಿತ್ತು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಭೋಜರಾಜ ಹೊಸ್ತಿಲ ಒಳಗೆ ಕಂಬಕ್ಕೆ ಒರಗಿ ಕೂತಿದ್ದ. ಪ್ರಾಣಿ ಜಗಲಿಯ ಆ ತುದಿಯಲ್ಲಿ, ಮೆಟ್ಟಿಲ ಹತ್ತಿರ ಇತ್ತು.

ಗಿರಿಗಿಟ್ಲೆ ತಿರುಗಿತು.

ಬೆವರಿದ ಕುತ್ತಿಗೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಗಾಳಿಯಿಲ್ಲ. ಬಾಯಿಯ ಬೀಡಿಯ ಹೊಗೆ ದಾರದಂತೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಗಿರಿಗಿಟ್ಲೆ ಮಾತ್ರ ನಿಧಾನವಾಗಿ, ಸಮನಾಗಿ, ಯಾರೋ ಬೆರಳಿನಿಂದ ತಿರುಗಿಸುವ ಹಾಗೆ ತಿರುಗುತ್ತಿತ್ತು. ಕೂತವನ ಕಡೆಗೆ. ಹನ್ನೆರಡು ಕಾಲು ಎದ್ದವು.

ಟಕ್, ಟಕ್, ಸರ್ರ್. ಟಕ್, ಟಕ್, ಸರ್ರ್.

ದಾರಿಯಲ್ಲಿ ಒಂದು ಮಿಷನ್ನಿನ ಕಬ್ಬಿಣದ ಕಾಲಿತ್ತು. ಅದನ್ನು ಸುತ್ತಿಕೊಂಡು ಬಂತು. ಗೇಣು ದೂರದಲ್ಲಿ ನಿಂತಿತು. ಗಿರಿಗಿಟ್ಲೆಯೂ ನಿಂತಿತು. ಒಳಗಿನಿಂದ ಅಮ್ಮನ ಉಸಿರು ಕೇಳುತ್ತಿತ್ತು. ಸರಸ ಅಡಿಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಎಲ್ಲರೂ ಅವನ ಬಾಯಿಯನ್ನೇ ಕಾಯುತ್ತಿದ್ದರು.

ಭೋಜರಾಜ ಎದ್ದ. ಮೂಲೆಯಲ್ಲಿ ಒಂದು ಹಳೆಯ ಪೆಡಲ್ ಮಿಷನ್ನಿನ ಮೇಜಿನ ಹಲಗೆಗಳು ಬಿದ್ದಿದ್ದವು. ದೊಡ್ಡದನ್ನು ತಂದು ಹೊಸ್ತಿಲಿಗೆ ಜಗಲಿಯ ಕಡೆಯಿಂದ ಓರೆಯಾಗಿ ಆನಿಸಿದ. ಚಿಕ್ಕದನ್ನು ಒಳಗಡೆ ಇಳಿಜಾರಾಗಿ ಇಟ್ಟ. ಅಲುಗದಂತೆ ಎರಡಕ್ಕೂ ಬೆಣೆ ಕೊಟ್ಟ. ಇಷ್ಟೇ ಕೆಲಸ. ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ನೆಲಕ್ಕೆ ಕೂತ. ಅವತ್ತು ತಮ್ಮ ಕೂತ ಜಾಗದಲ್ಲೇ, ಅಷ್ಟೇ ಎತ್ತರಕ್ಕೆ.

ಬಾಯಿ ತೆರೆದ. ಬರಲಿಲ್ಲ. ಇನ್ನೊಂದು ಸಲ ತೆರೆದ.

"ಬಾರೋ" ಅಂದ. ಅದು ಅವನು ಬೈಯುವ ದನಿಯಾಗಿರಲಿಲ್ಲ. "ಬಾರೋ ಕಿಟ್ಟು. ತಪ್ಪಾಯ್ತು ಕಣೋ. ಒಳಗ್ ಬಾ."

ಗಿರಿಗಿಟ್ಲೆ ತಿರುಗಿತು. ಹಲಗೆಯ ಮೇಲೆ ಹನ್ನೆರಡು ಕಾಲು ಹತ್ತಿದವು. ಹೊಸ್ತಿಲ ನೆತ್ತಿಯ ಮೇಲೆ, ಅರಿಶಿನ ಬಳಿದ ಜಾಗದಲ್ಲಿ, ಒಂದು ಗಳಿಗೆ ತಡೆಯಿತು. ಕಂಬ ಹಿಡಿದು ಸುಧಾರಿಸಿಕೊಂಡ ಹಾಗೆ. ಆಮೇಲೆ ಇಳಿಯಿತು. ಅವನ ಮೊಣಕಾಲಿಗೆ ತಾಗಿಕೊಂಡೇ ಹಾದು, ಕೆಂಪು ನೆಲದ ಮೇಲೆ ನೇರವಾಗಿ ಅಮ್ಮನ ಮಂಚದವರೆಗೆ ಹೋಗಿ ನಿಂತಿತು. ದಾರಿ ತೋರಿಸುವವರು ಬೇಕಿರಲಿಲ್ಲ ಅದಕ್ಕೆ.

ಜಯಲಕ್ಷ್ಮಮ್ಮ ಮಂಚದಿಂದ ಕೈ ಇಳಿಸಿ ಆ ಕಡ್ಡಿಗಳನ್ನು ಒಂದೊಂದಾಗಿ ಸವರಿದಳು.

"ಭೋಜಾ" ಅಂದಳು. ಒಂದು ವರ್ಷದ ಮೇಲೆ ಮೊದಲ ಸಲ. "ಬಿಸ್ಲಾಗ್ ಬಂದೌನೆ. ಕಾಲಿಗ್ ನೀರ್ ಕೊಡೋ."

ಭೋಜರಾಜ ಚೊಂಬಿನಲ್ಲಿ ನೀರು ತಂದ. ಹೊರಗಿನಿಂದ ಬಂದವರಿಗೆ ಕೊಡುವ ಹಾಗೆ ಬಗ್ಗಿ, ಹನ್ನೆರಡು ಪಾದಕ್ಕೂ ನೀರು ಹೊಯ್ದ. ನೀರು ಕಾಲುಗಳಿಂದ ಇಳಿದು ಕೆಂಪು ನೆಲದ ಮೇಲೆ ಹರಡಿತು. ಹರಡಿದ ನೀರಿನ ಅಂಚಿಗೆ ಏನೋ ಹೊಳೆಯಿತು. ಬೆರಳಿನಿಂದ ಒತ್ತಿ ನೋಡಿದ. ಮರಳು. ಸಣ್ಣ, ಹೊಳೆಯುವ, ಕಡಲ ಮರಳು. ಜೊತೆಗೆ ಕಾಳಿನಷ್ಟು ಒಂದು ಚಿಪ್ಪಿನ ಚೂರು. ಈ ಜಗಲಿಯಲ್ಲೇ ಕಟ್ಟಿದ್ದು, ಈ ಜಗಲಿ ಬಿಟ್ಟು ಎಲ್ಲಿಗೂ ಹೋಗದ್ದು.

"ಎಲ್ಲಿಂದ್ರೀ ಅದು?" ಅಂದಳು ಸರಸ, ಪಿಸುದನಿಯಲ್ಲಿ.

ಆಗ ಕರೆಂಟು ಬಂತು. ಮೇಲಿನ ಫ್ಯಾನು ತಿರುಗಿತು, ಕಡಲ ಗಾಳಿಯೂ ಎದ್ದು ಬಾಗಿಲಿಂದ ನುಗ್ಗಿತು. ಗಿರಿಗಿಟ್ಲೆ ಗಿರಗಿರ ತಿರುಗಿತು. ಕಾಲು ಮಾತ್ರ ಮಿಸುಕಲಿಲ್ಲ. ಅದಾದ ಮೇಲೆ ಎಂಥ ಗಾಳಿಗೂ ಅದು ನಡೆದಿಲ್ಲ. ಯಾವ ಕೀಲೂ ಮುರಿದಿಲ್ಲ, ಯಾವ ಕಡ್ಡಿಯೂ ಸವೆದಿಲ್ಲ. ಭೋಜರಾಜ ಬಿಚ್ಚಿ ನೋಡಲು ಹೋಗಿಲ್ಲ.

ಮರುದಿನ ಮಾಳಿಗೆಯ ಮೇಲೆ ಎಲೆ ಹಾಸಿ ಅವನು ಹಿಂದಕ್ಕೆ ಸರಿಯುವ ಮೊದಲೇ ಕಾಗೆ ಇಳಿಯಿತು.

ಹೊಸ್ತಿಲ ಹಲಗೆಗಳು ಅಲ್ಲೇ ಇವೆ. ಎಡವಿದವರು ಗೊಣಗಿದರೆ ಭೋಜರಾಜ ಎಂದಿನಂತೆ ಬೈಯುತ್ತಾನೆ. ಆ ಮರಳನ್ನು ಅವನು ಅವತ್ತೇ ಬಳಿದು ದಾರ ಸುತ್ತುವ ಬಾಬಿನ್ ಇಡುವ ತಗಡಿನ ಡಬ್ಬಿಗೆ ಹಾಕಿ, ಮಂಚದ ಕೆಳಗೆ ಇಟ್ಟ. ಈಗ ನಾಲ್ಕು ತಿಂಗಳಾಯಿತು. ಆಗಾಗ ಮುಚ್ಚಳ ತೆಗೆದು ಬೆರಳಿಟ್ಟು ನೋಡುತ್ತಾನೆ.

ಇನ್ನೂ ಒಣಗಿಲ್ಲ.